ಡ್ರಗ್ ಟೆಸ್ಟ್ ಕಿಟ್ ನೆಗೆಟಿವ್ ಬಂದ್ರೆ ನಂಬಬಹುದಾ?

ಮೇಡಂ, ನಿಮ್ಮ ತಮ್ಮ ಶನಿವಾರ ಇಂದಿರಾನಗರದ ಕ್ಲಬ್ಬಿಗೆ ಹೋಗಿ ಬಂದ್ಮೇಲೆ ಮೆಡಿಕಲ್ ಶಾಪಲ್ಲಿ ಸಿಗೋ ಡ್ರಗ್ಸ್ ಪತ್ತೆ ಮಾಡೋ ಯೂರಿನ್ ಕಿಟ್ಟಲ್ಲಿ ನೆಗೆಟಿವ್ ಬಂತು, ನಿರಾಳ ಆಗ್ಬೋದಾ ಅಂತ ಕೇಳಿದೀರ. ಅದನ್ನೇ ನೆಚ್ಕೋಬೇಡಿ. ಆ ಕಿಟ್ಟು ಗಾಂಜಾ ಥರದ ಹಳೇ ಮಾಲನ್ನ ಹಿಡಿಯುತ್ತೆ, ಮೆಫೆಡ್ರೋನ್ ಥರದ ಲ್ಯಾಬಲ್ಲಿ ತಯಾರಾಗೋ ಹೊಸ ಸಿಂಥೆಟಿಕ್ ಡ್ರಗ್ಸ್‌ಗಳು ಸಾಮಾನ್ಯವಾಗಿ ಅದರಲ್ಲಿ ಬೀಳೋದೇ ಇಲ್ಲ. "ಇದು ಬ್ಯಾನ್ ಆಗಿಲ್ಲ ಅಕ್ಕಾ" ಅಂತ ಅವ್ನು ಹೇಳೋದೂ ಓಳು, ಮೆಫೆಡ್ರೋನ್ 2015ರಲ್ಲೇ ಎನ್‌ಡಿಪಿಎಸ್ (ಮಾದಕ ವಸ್ತು ತಡೆ ಕಾಯ್ದೆ) ಪಟ್ಟಿಗೆ ಸೇರಿದೆ. ಹಾಗಂತ ನೆಗೆಟಿವ್ ನಂಬೋಕಾಗಲ್ಲ ಅಂದ ಮಾತ್ರಕ್ಕೆ ತಗೊಂಡಿದಾನೆ ಅಂತಾನೂ ಅಲ್ಲ, ಹೋಗಿ ಜಗಳ ತೆಗೀಬೇಡಿ ಮತ್ತೆ.

ನನ್ನ ರೂಮ್‌ಮೇಟ್ ಒಬ್ಬ ಇದ್ದ, ಬೆಳಗಿನ ಜಾವ ನಾಲ್ಕಕ್ಕೆ ಬಂದ, ಟೀ ಶರ್ಟ್ ಹಿಂಡಿದ್ರೆ ನೀರು ಸುರಿಯೋ ಅಷ್ಟು ಬೆವರು, ದವಡೆ ಒಂದ್ನಿಮಿಷ ನಿಲ್ತಿರ್ಲಿಲ್ಲ, ಹೊದಿಕೆ ತುದಿ ಕಚ್ಕೊಂಡು ಗೋಡೆಗೆ ಒರಗಿ ಕೂತಿದ್ದ, ಮಾತ್ರೆ ಕೊಟ್ಟೋನು ಎಂಡಿಎಂಎ (ಎಕ್ಸ್‌ಟಸಿ ಅಂತಾರಲ್ಲ, ಆ ಡ್ರಗ್) ಅಂದಿದ್ನಂತೆ, ಒಳಗೆ ಏನಿತ್ತೋ ದೇವ್ರಿಗೇ ಗೊತ್ತು. ಇಂಥದ್ದರ ಮೇಲೆ ಕಣ್ಣಿಡಿ, ಕಿಟ್ ಮೇಲಲ್ಲ. ಮೈ ಕೆಂಡದಂಗೆ ಸುಡ್ತಿದ್ರೆ, ಏನೇನೋ ಬಡಬಡಿಸಿದ್ರೆ, ಫಿಟ್ಸ್ ಬಂದ್ರೆ ತಕ್ಷಣ 108, ಬೈಯೋದೆಲ್ಲ ಆಮೇಲೆ. ಬರೀ ಮಾತಾಡ್ಬೇಕು ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡ್ತಾರೆ. ನಿಮ್ಹಾನ್ಸಲ್ಲೂ ಚಟ ಬಿಡಿಸೋಕೆ ಅಂತಾನೇ ಬೇರೆ ವಿಭಾಗ ಇದೆ, ಮೊದ್ಲು ನೀವೊಬ್ರೇ ಹೋಗಿ ವಿಚಾರಿಸ್ಕೊಂಡು ಬನ್ನಿ.