ಆಪ್ತಸಲಹೆ ಪ್ರಕರಣ: ಹಾಲೂಡಿಸುವ ತಾಯಿ ಮತ್ತು ಮೂರನೆಯ ಗರ್ಭದ ಭಯ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಉತ್ತರ ಕರ್ನಾಟಕದ ಒಂದು ಸರ್ಕಾರಿ ಆಸ್ಪತ್ರೆಗೆ 9 ತಿಂಗಳ ಕೂಸಿನ ದಡಾರ ಲಸಿಕೆಗಾಗಿ ಬಂದಿದ್ದ 23 ವರ್ಷದ ಕೃಷಿ ಕೂಲಿ ಮಹಿಳೆಯನ್ನು ಆಶಾ ಕಾರ್ಯಕರ್ತೆ ನನ್ನ ಬಳಿಗೆ ಕರೆತಂದರು. ಇಬ್ಬರು ಹೆಣ್ಣುಮಕ್ಕಳ ತಾಯಿಯಾದ ಆಕೆಗೆ ಹೆರಿಗೆಯ ನಂತರ ಇನ್ನೂ ಮುಟ್ಟಾಗಿರಲಿಲ್ಲ. "ಕೂಸು ಹಾಲು ಕುಡಿಯೂತನಕ ಬಸರ ಆಗೂದಿಲ್ಲಂತ ನಮ್ಮತ್ತಿ ಹೇಳ್ಯಾರ್ರಿ, ಆದ್ರೂ ಭಯ ಆಗತೈತಿ" ಎಂದರು.

ಭಯಕ್ಕೆ ಕಾರಣವಿತ್ತು. ಎರಡನೆಯ ಗರ್ಭ ಬಯಸದೆಯೇ ನಿಂತದ್ದು, ಅದೂ ಹತ್ತಿ ಬಿಡಿಸುವ ಸುಗ್ಗಿಯ ಹೊತ್ತಿಗೆ ತಿಂಗಳು ತುಂಬುವಂತೆ. ಬಿಡಿಸಿದ ಹತ್ತಿಯ ತೂಕಕ್ಕೆ ತಕ್ಕ ಕೂಲಿ ಸಿಗುವ ಆ ದಿನಗಳ ಗಳಿಕೆಯಿಂದಲೇ ಮನೆಯ ವರ್ಷದ ಸಾಲ ತೀರಬೇಕಿತ್ತು. ಅದು ಕೈತಪ್ಪಿದಾಗ ಸಂಘದಿಂದ ಹೊಸ ಸಾಲ ಎತ್ತಿದರು. ತಾಯಿ ಕಾರ್ಡಿನ ಅಂಚಿನಲ್ಲಿ ಲಸಿಕೆಯ ದಿನಾಂಕಗಳ ಪಕ್ಕದಲ್ಲೇ ವಾರದ ಕಂತಿನ ಲೆಕ್ಕವನ್ನು ಪೆನ್ಸಿಲಿನಲ್ಲಿ ಬರೆದಿದ್ದರು. ಬಡವರು ಮಕ್ಕಳನ್ನು ಹೆತ್ತು ಬಡವರಾದರೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಹೆರಿಗೆಯ ರಜೆಗೆ ಸಂಬಳವಿಲ್ಲದ ದುಡಿಮೆಯಲ್ಲಿ, ಯಾವಾಗ ಗರ್ಭಿಣಿಯಾಗಬೇಕೆಂಬ ತೀರ್ಮಾನ ಹೆಣ್ಣಿನ ಕೈಯಲ್ಲಿ ಇಲ್ಲದಿರುವುದೇ ಇಂಥ ಮನೆಗಳನ್ನು ಸಾಲಕ್ಕೆ ತಳ್ಳುತ್ತದೆ.

ಅತ್ತೆಯ ಮಾತು ಪೂರ್ತಿ ಸುಳ್ಳಲ್ಲವೆಂಬುದನ್ನು ಮೊದಲು ಹೇಳಿದೆ. ಕೂಸಿಗೆ 6 ತಿಂಗಳು ತುಂಬುವವರೆಗೆ, ಹಗಲುರಾತ್ರಿ ಎದೆಹಾಲನ್ನು ಮಾತ್ರ ಕೊಡುತ್ತಿದ್ದು, ಮುಟ್ಟು ಮರಳದಿದ್ದರೆ ಹಾಲೂಡಿಸುವಿಕೆ ಗರ್ಭವನ್ನು ಬಹುಮಟ್ಟಿಗೆ ತಡೆಯುತ್ತದೆ. ಈ ಮೂರರಲ್ಲಿ ಒಂದು ತಪ್ಪಿದರೂ ಅದನ್ನು ನಂಬುವಂತಿಲ್ಲ. ಮುಟ್ಟು ಮರಳುವ ಮುನ್ನವೇ ಅಂಡ ಬಿಡುಗಡೆಯಾಗಬಹುದಾದ್ದರಿಂದ ಮುಟ್ಟಿಲ್ಲವೆಂಬುದೂ ಭರವಸೆಯಲ್ಲ.

ಅಂದಿನ ಪರೀಕ್ಷೆಯಲ್ಲಿ ಗರ್ಭವಿರಲಿಲ್ಲ. ಆದರೂ ಇತ್ತೀಚಿನ ಸಂಪರ್ಕದಿಂದ ನಿಂತಿರಬಹುದಾದ ಗರ್ಭ ಅಷ್ಟು ಬೇಗ ತಿಳಿಯದ ಕಾರಣ, ಕಾಂಡೋಮ್ ಕೊಟ್ಟು, 3 ವಾರ ಬಿಟ್ಟು ಮತ್ತೊಮ್ಮೆ ಪರೀಕ್ಷಿಸಿಕೊಳ್ಳಲು ವೈದ್ಯರು ಹೇಳಿದರು.

ಗಂಡುಮಗುವಾದ ಮೇಲೆ ಆಪರೇಷನ್ ಎಂದು ಅತ್ತೆ ನಿಶ್ಚಯಿಸಿದ್ದರು. ಆಕೆಗಾದರೋ ಇನ್ನೊಂದು ಮಗು ಬೇಕೋ ಬೇಡವೋ ಎಂದು ಯೋಚಿಸಲು ಕಾಲ ಬೇಕಿತ್ತು. ಹಾಗಾಗಿ ತಾತ್ಕಾಲಿಕ ವಿಧಾನಗಳನ್ನೇ ವಿವರಿಸಿದೆ. 10 ವರ್ಷ ಕೆಲಸ ಮಾಡುವ, ಬೇಕೆಂದಾಗ ತೆಗೆಸಬಹುದಾದ ಕಾಪರ್-ಟಿ, ಅಂದರೆ ವಂಕಿ, ಆಕೆಗೆ ಒಪ್ಪಿಗೆಯಾಗಲಿಲ್ಲ. ಮೊದಲ 3 ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೊಂದು ನುಂಗುವ ಛಾಯಾ ಮಾತ್ರೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಕಷ್ಟವೆಂದರು. 3 ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದನ್ನು ಆರಿಸಿಕೊಂಡರು. ಮುಟ್ಟು ಏರುಪೇರಾಗಬಹುದು ಅಥವಾ ನಿಲ್ಲಬಹುದು, ಅದರಿಂದ ಕೆಟ್ಟ ರಕ್ತ ಒಳಗೆ ಉಳಿಯುವುದಿಲ್ಲ, ಬಿಟ್ಟ ಮೇಲೆ ಗರ್ಭ ನಿಲ್ಲಲು ಕೆಲವು ತಿಂಗಳು ಹಿಡಿಯಬಹುದು ಎಂಬುದನ್ನೆಲ್ಲ ಮುಂಚೆಯೇ ತಿಳಿಸಿದೆ. ಇದನ್ನು ಹೇಳದೆ ಕಳಿಸಿದರೆ ಹಲವರು ಎರಡನೆಯ ಡೋಸಿಗೆ ಬರುವುದಿಲ್ಲ. ಇವೆಲ್ಲ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ವಯಸ್ಕ ಮಹಿಳೆಗೆ ಗಂಡನ ಸಹಿ ಬೇಕಿಲ್ಲ.

ಮರುಪರೀಕ್ಷೆಗೆ ಆಕೆಯೇ ಇಷ್ಟಪಟ್ಟು ಗಂಡನನ್ನು ಕರೆತಂದರು. ಮುಂದೆ ಮಕ್ಕಳು ಸಾಕೆನಿಸಿದಾಗ ಪುರುಷರಿಗೂ ಹೊಲಿಗೆಯಿಲ್ಲದ ಸಣ್ಣ ಶಸ್ತ್ರಚಿಕಿತ್ಸೆಯಿದೆ ಎಂದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: ಮೂಟೆ ಹೊರಲು ಆಗುತ್ತದೆಯೇ? ಒಂದು ವಾರದ ನಂತರ ಆಗುತ್ತದೆ, ಗಂಡಸ್ತನಕ್ಕೂ ಕುಂದಿಲ್ಲ, ಆದರೆ 3 ತಿಂಗಳ ಬಳಿಕ ವೀರ್ಯ ಪರೀಕ್ಷೆಯಾಗುವವರೆಗೆ ಬೇರೆ ವಿಧಾನ ಬಳಸಬೇಕು ಎಂದೆ. ಅವರು ಒಪ್ಪಲೂ ಇಲ್ಲ, ತಳ್ಳಿಹಾಕಲೂ ಇಲ್ಲ. ಪರೀಕ್ಷೆಯಲ್ಲಿ ಗರ್ಭವಿಲ್ಲವೆಂದು ಖಚಿತವಾದ್ದರಿಂದ ಅಂದೇ ಮೊದಲ ಚುಚ್ಚುಮದ್ದು ಕೊಡಲಾಯಿತು. ಕಬ್ಬು ಕಡಿಯಲು ಬೇರೆ ಊರಿಗೆ ಹೋದರೆ ಅಲ್ಲಿನ ಆರೋಗ್ಯ ಕೇಂದ್ರದಲ್ಲಿ ಅಂತರಾ ಕಾರ್ಡ್ ತೋರಿಸಿ ಮುಂದಿನ ಡೋಸ್ ಪಡೆಯುವಂತೆ ಇಬ್ಬರಿಗೂ ಹೇಳಿ ಕಳಿಸಿದೆ.