ಓರೆಯಾಗಿ ಕೂತ ಡೆಕಾಲನ್ನು ಬಣ್ಣ ಕೆಡದಂತೆ ತೆಗೆಯುವುದು ಹೇಗೆ?

ಮಾದರಿ ವಿಮಾನದ ಮೇಲೆ ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ತೆಳು ಚಿತ್ರ) ಓರೆಯಾಗಿ ಕೂತಿದೆ, ಅದರ ಅಡಿಯಲ್ಲಿ ಅಲ್ಲಲ್ಲಿ ಬಿಳಿಚಿಕೊಂಡು ಮಿನುಗುತ್ತಿದೆ, ನೇಲ್ ಪಾಲಿಶ್ ರಿಮೂವರ್ ಹಚ್ಚಿ ತೆಗೆಯಬಹುದೇ ಎಂದು ಕೇಳಿದ್ದೀರಿ. ಹಚ್ಚಬೇಡಿ. ಅದರಲ್ಲಿ ಸಾಮಾನ್ಯವಾಗಿ ಇರುವ ಅಸಿಟೋನ್ ಬಣ್ಣವನ್ನಷ್ಟೇ ಅಲ್ಲ, ಅದರ ಕೆಳಗಿನ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನೂ ಕರಗಿಸುತ್ತದೆ. ಅಸಿಟೋನನ್ನು ಮುಟ್ಟದೆಯೂ ನಾನು ಸ್ಪಿಟ್‌ಫೈರ್ ಎಂಬ ಬ್ರಿಟಿಷ್ ಯುದ್ಧವಿಮಾನದ ಒಂದು ಮಾದರಿಯನ್ನು ಕೆಡಿಸಿಕೊಂಡಿದ್ದೇನೆ.

ಅದು 1:72 ಅಳತೆಯದು, ರೆಕ್ಕೆಯ ತುದಿಯಿಂದ ತುದಿಗೆ 15.6 ಸೆಂ.ಮೀ. 1940ರ ಹಸಿರು-ಕಂದು ವಿನ್ಯಾಸವನ್ನು ಹೊಳಪಿಲ್ಲದ ಅಕ್ರಿಲಿಕ್ ಬಣ್ಣದಲ್ಲಿ ಕುಂಚದಿಂದಲೇ ಹಚ್ಚಿದ್ದೆ. ಒಡಲಿನ ಮೇಲಿನ ವೃತ್ತಲಾಂಛನ ಓರೆಯಾಗುವ ಪ್ರಶ್ನೆಯೇ ಇರಲಿಲ್ಲ, ವೃತ್ತಕ್ಕೆ ಓರೆಯೆಂಬುದಿಲ್ಲ. ಆದರೆ ಎಡಬದಿಯಲ್ಲಿ ಅದರ ಪಕ್ಕದ, ವಿಮಾನದ ದಳವನ್ನು ಸೂಚಿಸುವ ಸ್ಕ್ವಾಡ್ರನ್ ಅಕ್ಷರಗಳೆರಡೂ ಬಾಲದ ಕಡೆಗೆ ವಾಲಿದ್ದವು. ಮರುದಿನ ಅವನ್ನು ತೆಗೆಯಲು ಕೂತೆ. ಡೆಕಾಲ್ ಎಂದರೆ ತೆಳುವಾದ ಲ್ಯಾಕರ್ ಪೊರೆ, ಅದರ ಮೇಲೆ ಶಾಯಿ, ಅಡಿಯಲ್ಲಿ ನೀರಿಗೆ ಕರಗುವ ಅಂಟು. ಆದ್ದರಿಂದ ಒದ್ದೆ ಬಟ್ಟೆಯನ್ನು ಹತ್ತು ನಿಮಿಷ ಹೊದಿಸಿದರೆ ಸಾಕೆಂದುಕೊಂಡಿದ್ದೆ. ಅಂಚುಗಳೇನೋ ಎದ್ದವು, ನಡುಭಾಗ ಅಲುಗಲಿಲ್ಲ, ಏಕೆಂದರೆ ಅಂಟಿಸುವಾಗ ನಾನೇ ಡೆಕಾಲನ್ನು ಮೆದುಗೊಳಿಸುವ ದ್ರಾವಣ ಹಚ್ಚಿ ಆ ಪೊರೆಯನ್ನು ಬಣ್ಣದ ಸಣ್ಣಸಣ್ಣ ತಗ್ಗುಗಳಿಗೆಲ್ಲ ಇಳಿಸಿಬಿಟ್ಟಿದ್ದೆ. ಅದೇ ದ್ರಾವಣವನ್ನು ಮತ್ತೆ ಮೂರು ಸಲ ಹಚ್ಚಿದೆ. ಪೊರೆ ಹಾಲಿನ ಕೆನೆಯಂತೆ ಸುಕ್ಕುಗಟ್ಟಿತು. ಕೂಡಲೇ ಮಾಸ್ಕಿಂಗ್ ಟೇಪನ್ನು ಒತ್ತಿ ಎಳೆದೆ. ಅಕ್ಷರಗಳು ಬಂದವು, ಅವುಗಳೊಂದಿಗೆ ಹೆಬ್ಬೆರಳಿನ ಉಗುರಿನಷ್ಟು ಅಗಲದ ಹಸಿರು ಬಣ್ಣವೂ ಬಂದು ಬೂದು ಪ್ಲಾಸ್ಟಿಕ್ ಕಾಣಿಸಿಕೊಂಡಿತು.

ನನ್ನ ತಪ್ಪು ಟೇಪ್ ಬಳಸಿದ್ದಲ್ಲ, ಆ 'ಕೂಡಲೇ' ಎಂಬುದು. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಮೆದುಗೊಳಿಸುವ ದ್ರಾವಣ ಡೆಕಾಲಿನ ಪೊರೆಯಲ್ಲೇ ನಿಲ್ಲುವುದಿಲ್ಲ. ಹೊಳಪಿಲ್ಲದ ಬಣ್ಣದ ಮೇಲ್ಮೈ ಒರಟಾಗಿರುವುದರಿಂದ ಎದ್ದ ಅಂಚುಗಳ ಅಡಿಗೆ ಹರಿದು, ಅಲ್ಲಿನ ಅಕ್ರಿಲಿಕ್ಕನ್ನೂ ಮೆತ್ತಗೆ ಮಾಡುತ್ತದೆ. ಸುಮ್ಮನೆ ಬಿಟ್ಟರೆ ದ್ರಾವಣ ಆರಿಹೋಗಿ ಬಣ್ಣ ಮತ್ತೆ ಗಟ್ಟಿಯಾಗುತ್ತದೆ. ಆದರೆ ಅದು ಒದ್ದೆಯಾಗಿರುವಷ್ಟು ಹೊತ್ತು ಬಣ್ಣಕ್ಕೂ ಪ್ಲಾಸ್ಟಿಕ್ಕಿಗೂ ನಡುವಿನ ಹಿಡಿತ, ಡೆಕಾಲಿಗೂ ಬಣ್ಣಕ್ಕೂ ನಡುವಿನ ಹಿಡಿತಕ್ಕಿಂತ ದುರ್ಬಲವಾಗಿರಬಹುದು, ಮತ್ತು ಟೇಪಿಗೆ ಯಾವುದು ಡೆಕಾಲ್, ಯಾವುದು ಬಣ್ಣ ಎಂಬುದು ತಿಳಿಯದು. ಎಲ್ಲಿ ಹಿಡಿತ ಸಡಿಲವೋ ಅಲ್ಲಿಂದಲೇ ಅದು ಕಿತ್ತುಕೊಳ್ಳುತ್ತದೆ. ಬಣ್ಣಕ್ಕೆ ಮೊದಲು ಹಚ್ಚುವ ಅಡಿಲೇಪವಾದ ಪ್ರೈಮರ್ ಹಚ್ಚದಿದ್ದುದೇ ಕಾರಣವೆಂದು ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಆದರೆ ಎಡಬದಿಗೆ ಮತ್ತೆ ಅಂಟಿಸಬೇಕಿದ್ದ ಬೇರೆ ಡೆಕಾಲ್ ಹಾಳೆಯ ಅಕ್ಷರಗಳ ಬೂದು ಬಣ್ಣ ಬಲಬದಿಯದಕ್ಕೆ ಹೊಂದದೆಂದು ಬಲಬದಿಯವನ್ನೂ ತೆಗೆಯಬೇಕಾಯಿತಲ್ಲ, ಅವಕ್ಕೂ ಅದೇ ಸಂಜೆ ಅದೇ ದ್ರಾವಣವನ್ನು ಮೂರು ಸಲ ಹಚ್ಚಿ, ಬೇಸರದಿಂದ ಹಾಗೆಯೇ ಬಿಟ್ಟು ಮಲಗಿದ್ದೆ. ಬೆಳಿಗ್ಗೆ ಅದೇ ಟೇಪಿಗೆ ಒಣಗಿದ ಅಕ್ಷರಗಳು ಚೂರುಚೂರಾಗಿ ಎದ್ದುಬಂದವು. ಬಣ್ಣದ ಒಂದು ಕಣವೂ ಬರಲಿಲ್ಲ. ಆ ಬದಿಗೂ ಪ್ರೈಮರ್ ಇರಲಿಲ್ಲ. ನಡುವೆ ಕಳೆದದ್ದು ಒಂದು ರಾತ್ರಿ ಮಾತ್ರ.

ಇನ್ನು ನಿಮ್ಮ ಮಾದರಿಯ ವಿಷಯ. ಬಿಳಿಚಿಕೊಂಡಿದೆ ಎಂಬ ಕಾರಣಕ್ಕೆ ಡೆಕಾಲನ್ನು ತೆಗೆಯಬೇಕೆಂಬುದನ್ನೇ ನಾನು ಒಪ್ಪುವುದಿಲ್ಲ. ಸಿಲ್ವರಿಂಗ್ ಎಂದು ಕರೆಯುವ ಆ ಮಿನುಗು, ಒರಟು ಮೇಲ್ಮೈಗೂ ಪೊರೆಗೂ ನಡುವೆ ಸಿಕ್ಕಿಬಿದ್ದ ಗಾಳಿಯಲ್ಲದೆ ಬೇರೇನಲ್ಲ. ಮೊನಚಾದ ಸೂಜಿಯಿಂದ ಅಲ್ಲಲ್ಲಿ ಚುಚ್ಚಿ, ಮೈಕ್ರೋ ಸಾಲ್‌ನಂತಹ ಮೆದುಗೊಳಿಸುವ ದ್ರಾವಣದ ಒಂದು ಹನಿ ಬಿಟ್ಟರೆ ಅದು ತೂತುಗಳ ಮೂಲಕ ಒಳಗಿಳಿದು ಪೊರೆಯನ್ನು ಕೆಳಗೆ ಕೂರಿಸುತ್ತದೆ. ಎರಡು ಮೂರು ಸಲ ಮಾಡಬೇಕಾಗಬಹುದು. ಸುಕ್ಕು ಕಂಡರೆ ಗಾಬರಿಯಾಗಿ ಮುಟ್ಟಬೇಡಿ, ಒಣಗುತ್ತಾ ಅದೇ ಸಮನಾಗುತ್ತದೆ.

ಓರೆಯನ್ನು ಸಹಿಸಲಾಗದಿದ್ದರೆ ಮಾತ್ರ ತೆಗೆಯುವ ಮಾತು. ಡೆಕಾಲಿನ ಮೇಲೆ ಈಗಾಗಲೇ ವಾರ್ನಿಷ್ ಹೊಡೆದಿದ್ದರೆ ನೀರಾಗಲಿ ದ್ರಾವಣವಾಗಲಿ ಅಂಟಿನವರೆಗೆ ತಲುಪುವುದಿಲ್ಲ. ಆಗ 2000 ಗ್ರಿಟ್ಟಿನ, ಅಂದರೆ ಬಹಳ ನಯವಾದ ಉಪ್ಪುಕಾಗದವನ್ನು ನೀರಿನಲ್ಲಿ ಅದ್ದಿ ಮೆಲ್ಲಗೆ ಉಜ್ಜಿ, ಆ ಜಾಗಕ್ಕೆ ಮರಳಿ ಬಣ್ಣ ಹಚ್ಚುವುದೊಂದೇ ನಾನು ನಂಬುವ ದಾರಿ. ಮೇಲೆ ಏನೂ ಇಲ್ಲದಿದ್ದರೆ ಮೊದಲು ಉಗುರುಬೆಚ್ಚಗಿನ ನೀರು, ಅದಕ್ಕೆ ಬಗ್ಗದಿದ್ದರೆ ಬಿಳಿ ವಿನೆಗರ್, ಕೊನೆಗೆ ಮೆದುಗೊಳಿಸುವ ದ್ರಾವಣ. ಯಾವುದನ್ನೇ ಆಗಲಿ ಮೊದಲು ಚಕ್ರದ ಗೂಡಿನಂತಹ ಮರೆಯ ಜಾಗದಲ್ಲಿ ಹಚ್ಚಿ ನೋಡಿ. ಒದ್ದೆಯಿದ್ದಾಗ ತಾನಾಗಿ ಸರಿದುಬಂದಷ್ಟನ್ನು ಹತ್ತಿ ಕಡ್ಡಿಯಿಂದ ಉರುಳಿಸಿ ತೆಗೆಯಿರಿ, ಉಳಿದದ್ದನ್ನು ರಾತ್ರಿಯಿಡೀ ಒಣಗಲು ಬಿಟ್ಟು, ಟೇಪನ್ನು ಎರಡು ಮೂರು ಬಾರಿ ಅಂಗೈ ಹಿಂಬದಿಗೆ ಅಂಟಿಸಿ ಅದರ ಬಿಗಿ ತಗ್ಗಿಸಿಕೊಂಡು ಎತ್ತಿರಿ. ಐಸೊಪ್ರೊಪೈಲ್ ಆಲ್ಕೋಹಾಲ್ ಅಕ್ರಿಲಿಕ್ಕನ್ನು, ವೈಟ್ ಸ್ಪಿರಿಟ್ ಎನಾಮೆಲನ್ನು ಕರಗಿಸುತ್ತವೆ. ನಿಮ್ಮ ಬಣ್ಣ ಯಾವುದೆಂದು ಖಚಿತವಿಲ್ಲದಿದ್ದರೆ ಎರಡನ್ನೂ ದೂರವಿಡಿ. ಎಷ್ಟೇ ಜಾಗ್ರತೆ ವಹಿಸಿದರೂ ಅಂಟಿನ ಒಂದು ಮಸುಕು ಗುರುತು ಉಳಿಯಬಹುದು. ನೀರಿನಿಂದ ಒರೆಸಿದ ಮೇಲೂ ಕಾಣುತ್ತಿದ್ದರೆ, ಕೊನೆಯಲ್ಲಿ ಇಡೀ ಮಾದರಿಗೆ ಹೊಡೆಯುವ ಹೊಳಪಿಲ್ಲದ ವಾರ್ನಿಷ್ ಅದನ್ನು ಬಹುಮಟ್ಟಿಗೆ ಮರೆಸುತ್ತದೆ.

ಡೆಕಾಲಿನ ಕೆಳಗೆ ಹೊಳಪಿನ ಪಾರದರ್ಶಕ ಲೇಪವಿದೆಯೇ ಎಂಬುದನ್ನು ನೀವು ಬರೆದಿಲ್ಲ. ಇದ್ದರೆ ಧೈರ್ಯವಾಗಿ ತೆಗೆಯಿರಿ, ಬಣ್ಣದ ಬದಲು ಪೆಟ್ಟು ತಿನ್ನುವುದು ಆ ಲೇಪ. ಇಲ್ಲದಿದ್ದರೆ ಸೂಜಿಯ ಕೆಲಸವನ್ನಷ್ಟೇ ಮಾಡಿ, ಓರೆಯನ್ನು ಹಾಗೆಯೇ ಬಿಡಿ.