ಹಂಚಿನ ಮೇಲಿನ ರೊಟ್ಟಿಯಿಂದ ಶುರು ಮಾಡಿ

ನಮಸ್ಕಾರ ತಂಗಿ,

ಒಬ್ಬಳೇ ಹೆಣ್ಣುಮಗಳು ಬೇರೆ ಬೇರೆ ಹೊತ್ತಿಗೆ ಬೇರೆ ಬೇರೆಯವಳ ಹಾಗೆ ಮಾತಾಡುವ ಮಾನಸಿಕ ತೊಂದರೆಯ ಬಗ್ಗೆ ನೀವು ಕಳಿಸಿದ ‘ಐದು ಮುಖದ ಅಕ್ಕ’ ಕಥೆಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಇದನ್ನು ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಹಾಗಂತ ಕೈಬಿಡಿ ಅಂತಲೂ ಹೇಳಲಾರೆ. ನಿಮ್ಮ ಹನ್ನೆರಡು ಪುಟದಲ್ಲಿ ಅರ್ಧ ಪುಟ ನನ್ನನ್ನು ಹಿಡಿದು ಕೂರಿಸಿತು.

ಏಳನೇ ಪುಟ. ಗುಳೇದಗುಡ್ಡದ ಮನೆ, ಹೊರಗೆ ಮಗ್ಗದ ಸದ್ದು. ಅಕ್ಕ ರೊಟ್ಟಿ ಮಾಡುತ್ತಿದ್ದಾಳೆ. ಹಂಚಿನ ಮೇಲಿನ ರೊಟ್ಟಿಗೆ ಒದ್ದೆ ಅರಿವೆಯಿಂದ ನೀರು ಸವರುತ್ತಿದ್ದ ಕೈ ನಿಂತುಬಿಡುತ್ತದೆ. ಅರಿವೆಯಿಂದ ಹನಿ ಬಿದ್ದು ಹಂಚು ಚುರ್ ಅನ್ನುತ್ತದೆ. ಅವಳು ತಿರುಗಿ, ಸಣ್ಣ ಹುಡುಗಿಯ ದನಿಯಲ್ಲಿ, ‘ಇವತ್ತ ಯಾವ ವಾರ?’ ಅಂತ ಕೇಳುತ್ತಾಳೆ. ತಂಗಿ ಕೂಗಾಡುವುದಿಲ್ಲ. ‘ಬುಧವಾರ ಅಕ್ಕಾ. ಹನ್ನೊಂದು ಹೊಡದಾವು. ಅಡಗಿ ಮನ್ಯಾಗ ಅದೀವಿ. ನಾ ಇಲ್ಲೇ ಅದೀನಿ’ ಅನ್ನುತ್ತಾಳೆ. ಮೈ ಮುಟ್ಟುವುದಿಲ್ಲ. ತಣ್ಣೀರಿನ ತಂಬಿಗೆಯನ್ನು ಅಕ್ಕನ ಕೈಗೆ ಸಿಗುವ ಹಾಗೆ ಇಡುತ್ತಾಳೆ. ಅಷ್ಟರಲ್ಲಿ ರೊಟ್ಟಿ ಹೊತ್ತುತ್ತದೆ.

ಈ ಅರ್ಧ ಪುಟವನ್ನು ನೀವು ಕಣ್ಣಾರೆ ನೋಡಿ ಬರೆದಿದ್ದೀರಿ, ಅಲ್ವಾ? ಆಪ್ತಸಮಾಲೋಚಕರು ಮನೆಯವರಿಗೆ ಹೇಳಿಕೊಡುವುದೂ ಇದನ್ನೇ. ವಾರ, ಹೊತ್ತು, ಜಾಗ ಹೇಳಿ ಮನಸ್ಸನ್ನು ಇವತ್ತಿಗೆ ಕರೆತರಬೇಕು. ಕೇಳದೆ ಮುಟ್ಟಬಾರದು. ತಣ್ಣನೆಯ ವಸ್ತು ಕೈಗೆ ಸಿಕ್ಕರೆ ಮೈಗೆ ತಾನೆಲ್ಲಿದ್ದೇನೆ ಅನ್ನುವುದು ಗೊತ್ತಾಗುತ್ತದೆ.

ಉಳಿದ ಪುಟಗಳು ಸಿನಿಮಾದಿಂದ ಬಂದಿವೆ. ಅಮಾವಾಸ್ಯೆ ರಾತ್ರಿ, ಬಿಚ್ಚಿದ ಕೂದಲು, ಗಂಡಸಿನ ದನಿ, ಕೈಯಲ್ಲಿ ಕುಡಗೋಲು. ಓದುವವರಿಗೆ ಅಕ್ಕನ ಮೇಲೆ ಭಯ ಹುಟ್ಟುತ್ತದೆ. ಈ ತೊಂದರೆ ಇರುವವರು ಜಾಸ್ತಿ ಹಿಂಸೆ ಮಾಡುವುದು ತಮಗೇ. ಚಿಕಿತ್ಸೆಗೆ ಬರುವವರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಮಂದಿ ಒಮ್ಮೆಯಾದರೂ ಸಾಯಲು ಪ್ರಯತ್ನಿಸಿರುತ್ತಾರೆ ಅಂತ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ಹೇಳುತ್ತದೆ. ಹಂಚಿನ ಮುಂದೆ ಕೂತ ನಿಮ್ಮ ಅಕ್ಕನನ್ನು ನೋಡಿದವರಿಗೆ ಆ ಕುಡಗೋಲು ಸುಳ್ಳು ಅಂತ ಗೊತ್ತಾಗುತ್ತದೆ. ಕುಡಗೋಲು ತೆಗೆಯಿರಿ.

ನಿಮ್ಮ ಡಾಕ್ಟರ್ ಬಗ್ಗೆಯೂ ಹೇಳಬೇಕು. ಒಂದೇ ಭೇಟಿಯಲ್ಲಿ ಅವರು ‘ಮಲ್ಟಿಪಲ್ ಪರ್ಸನಾಲಿಟಿ’ ಅನ್ನುತ್ತಾರೆ, ಮರುಪುಟದಲ್ಲಿ ‘ಸ್ಕಿಜೋಫ್ರೇನಿಯಾ’ ಅನ್ನುತ್ತಾರೆ. ಅವೆರಡೂ ಬೇರೆ ಬೇರೆ. ಸ್ಕಿಜೋಫ್ರೇನಿಯಾ ಅಂದರೆ ನಿಜ ಯಾವುದು, ಭ್ರಮೆ ಯಾವುದು ಅನ್ನುವುದು ತಪ್ಪಿಹೋಗುವ ಕಾಯಿಲೆ. ನಿಮ್ಮ ಅಕ್ಕನ ತೊಂದರೆಗೆ ಇದ್ದ ‘ಮಲ್ಟಿಪಲ್ ಪರ್ಸನಾಲಿಟಿ’ ಅನ್ನುವ ಹಳೆಯ ಹೆಸರು 1994ರಲ್ಲೇ ಬದಲಾಗಿ ‘ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್’ ಆಯಿತು. ಹೆಸರು ಬದಲಿಸಿದ್ದಕ್ಕೆ ಕಾರಣ ನಿಮ್ಮ ಕಥೆಗೇ ಬೇಕಾದದ್ದು. ಒಳಗೆ ಐದು ಜನ ಇಲ್ಲ. ಒಬ್ಬಳೇ ಇದ್ದಾಳೆ, ಅವಳ ‘ನಾನು’ ಒಂದಾಗಿ ಕೂಡಿಕೊಂಡಿಲ್ಲ ಅಷ್ಟೇ. ಚಿಕ್ಕ ಮಗುವಿನ ಮೇಲೆ, ಅದೂ ನಂಬಿದವರಿಂದಲೇ, ಮತ್ತೆ ಮತ್ತೆ ಹಿಂಸೆ ನಡೆದರೆ ಓಡಿಹೋಗಲು ಅದಕ್ಕೆ ಜಾಗ ಇರುವುದಿಲ್ಲ. ‘ಇದು ನನಗಾಗುತ್ತಿಲ್ಲ’ ಅಂತ ಮನಸ್ಸು ಆ ನೋವನ್ನು ಬೇರೆ ಕಡೆ ಇಟ್ಟುಬಿಡುತ್ತದೆ. ‘ನಾನು’ ಅನ್ನುವುದು ಇನ್ನೂ ಗಟ್ಟಿಯಾಗದ ವಯಸ್ಸು ಅದು. ಕೆಲವರಲ್ಲಿ ಹೀಗೆ ಬೇರೆ ಇಟ್ಟದ್ದು ಬೇರೆಯಾಗಿಯೇ ಬೆಳೆಯುತ್ತದೆ. ನಿಮ್ಮ ಶೀರ್ಷಿಕೆಯ ‘ಐದು ಮುಖ’ ನನಗೆ ಚುಚ್ಚುವುದು ಇದಕ್ಕೇ.

ಕೊನೆಗೆ ಅದೇ ಡಾಕ್ಟರ್ ಅವಳನ್ನು ಮಲಗಿಸಿ, ಬಾಲ್ಯದ್ದೆಲ್ಲ ಬಾಯಿ ಬಿಡಿಸಿ, ಒಂದೇ ಅಳುವಿನಲ್ಲಿ ಗುಣ ಮಾಡುತ್ತಾರೆ. ಹಾಗೆ ಆಗುವುದಿಲ್ಲ ತಂಗಿ. ಮೊದಲು ಅವಳು ಇರುವ ಮನೆ ಸುರಕ್ಷಿತ ಆಗಬೇಕು, ನಿದ್ದೆ ಬರಬೇಕು, ಕೈ ಕೊಯ್ದುಕೊಳ್ಳುವುದು ನಿಲ್ಲಬೇಕು. ಇದಕ್ಕೇ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಬೇಕು. ಹಳೆಯ ನೆನಪಿನ ಮಾತು ಆಮೇಲೆ, ಅದೂ ಸ್ವಲ್ಪ ಸ್ವಲ್ಪ, ತಿಳಿದವರ ಜೊತೆ. ಈ ತೊಂದರೆಗೇ ಅಂತ ಒಂದು ಗುಳಿಗೆ ಇಲ್ಲ. ಗುಳಿಗೆ ಕೊಡುವುದು ಜೊತೆಗೆ ಬರುವ ಖಿನ್ನತೆಗೆ, ಆತಂಕಕ್ಕೆ, ನಿದ್ದೆಗೆ. ಡಾಕ್ಟರನ್ನು ದೇವರು ಮಾಡುವ ಬದಲು ಧಾರವಾಡದ ಮಾನಸಿಕ ಆಸ್ಪತ್ರೆಗೆ ಹೋಗುವ ಬಸ್ಸನ್ನು ಬರೆಯಿರಿ. ಕಿಟಕಿ ಪಕ್ಕ ಅಕ್ಕ, ಮಡಿಲಲ್ಲಿ ಬುತ್ತಿ, ಆರನೇ ಸಲದ ಪ್ರಯಾಣ. ಅದರಲ್ಲಿ ಕಥೆ ಇದೆ.

ಅತ್ತೆ ‘ಗಾಳಿ ಹಿಡದೈತಿ’ ಅಂದು ಮೆಣಸಿನಕಾಯಿ ಹೊಗೆ ಹಾಕಿಸುವ ದೃಶ್ಯ ಇರಲಿ. ನಮ್ಮ ಕಡೆ ನಡೆಯುವುದೇ. ಆದರೆ ಅದನ್ನೂ ಯಲ್ಲಮ್ಮನ ಗುಡ್ಡದಲ್ಲಿ ಮೈಮೇಲೆ ದೇವರು ಬರುವುದನ್ನೂ ಒಂದೇ ಗಂಟು ಕಟ್ಟಿದ್ದೀರಿ. ಬಿಡಿಸಿ ಬರೆಯಿರಿ. ಜಾತ್ರೆಯಲ್ಲಿ ಎಲ್ಲರೂ ಒಪ್ಪಿ ನಡೆಯುವ ಆಚರಣೆಯನ್ನು ಆ ಕೈಪಿಡಿಯೂ ಕಾಯಿಲೆ ಅನ್ನುವುದಿಲ್ಲ. ಬೇಡ ಬೇಡ ಅಂದರೂ ಬಂದು, ಬದುಕು ಕೆಡಿಸಿ, ನೆನಪು ಅಳಿಸಿ ಹೋಗುವುದು ಬೇರೆ. ಅಂದಹಾಗೆ ದೆವ್ವ ಬಿಡಿಸುತ್ತೇನೆ ಅಂತ ಹೊಡೆಯುವುದು, ಹಿಂಸೆ ಕೊಡುವುದು ನಮ್ಮ ರಾಜ್ಯದಲ್ಲಿ 2020ರ ಜನವರಿಯಿಂದ ಅಪರಾಧ. ಅದು ಗೊತ್ತಿರುವ ಒಂದು ಪಾತ್ರವಾದರೂ ಆ ಓಣಿಯಲ್ಲಿ ಇರಲಿ.

ಚಿಕ್ಕವಳಿದ್ದಾಗ ಅಕ್ಕನ ಮೇಲೆ ಸೋದರಮಾವ ನಡೆಸಿದ ಹಿಂಸೆಯನ್ನು ಬಿಡಿಸಿ ಹೇಳುವ ಆ ಒಂದೂವರೆ ಪುಟ ಪೂರ್ತಿ ಹೋಗಬೇಕು. ಇದರಲ್ಲಿ ನಾನು ಗಟ್ಟಿ. ಅಂಥದ್ದನ್ನು ಅನುಭವಿಸಿದ ಹೆಣ್ಣುಮಗಳು ಓದುತ್ತಾಳೆ ಅಂತ ಇಟ್ಟುಕೊಳ್ಳಿ. ಅಗಳಿ ಬಿದ್ದ ಸದ್ದು ಅಂತ ಮೊದಲ ಸಾಲಿನಲ್ಲೇ ಬರೆದಿದ್ದೀರಿ. ಅಲ್ಲಿಗೆ ಸಾಕು.

ಈಗ ನನಗೆ ನಿದ್ದೆ ಕೆಡಿಸಿದ ಮಾತು. ಜೊತೆಗಿಟ್ಟ ಪತ್ರದಲ್ಲಿ ‘ಇದು ನಮ್ಮ ದೊಡ್ಡಪ್ಪನ ಮಗಳ ನಿಜವಾದ ಕಥೆ, ಹೆಸರು ಮಾತ್ರ ಬದಲಿಸಿದ್ದೇನೆ’ ಅಂದಿದ್ದೀರಿ. ಅವಳನ್ನು ಕೇಳಿದ್ದೀರಾ? ಓಣಿ ಇದೆ, ಖಣ ನೇಯುವ ಮನೆ ಇದೆ, ಮುರಿದ ಮದುವೆ ಇದೆ. ಊರಿನವರಿಗೆ ಹೆಸರು ಯಾಕೆ ಬೇಕು? ಹಲವು ವರ್ಷದ ಹಿಂದೆ ನಾನೇ ಇಂಥ ಒಂದು ಲೇಖನ ಅಚ್ಚು ಹಾಕಿದ್ದೆ. ಹೆಸರಿರಲಿಲ್ಲ, ಮನೆ ಮುಂದಿನ ಬೇವಿನ ಮರ ಇತ್ತು. ಆ ಮರದಿಂದಲೇ ಜನ ಗುರುತು ಹಿಡಿದರು. ಆ ಮನೆಯ ತಾಯಿ ನೀರು ತರಲು ಹೊರಗೆ ಬರುವುದನ್ನೇ ಬಿಟ್ಟರಂತೆ. ವಿಜಯಪುರದಿಂದ ಹೋಗಿ ಕ್ಷಮೆ ಕೇಳಿ ಬಂದೆ. ಅವರು ಚಹಾ ಕೊಟ್ಟರು, ಮಾತಾಡಲಿಲ್ಲ.

ಹಾಗಾಗಿ ಕೇಳಿ. ಒಂದು ಸಲ ಕೇಳಿ ಬಿಡಬೇಡಿ. ಇವತ್ತು ಹೂಂ ಅಂದವಳಿಗೆ ನಾಳೆ ಆ ಮಾತು ಆಡಿದ್ದೇ ನೆನಪಿಲ್ಲದಿರಬಹುದು. ಬೇರೆ ಬೇರೆ ದಿನ ಕೇಳಿ, ಪೂರ್ತಿ ಓದಿ ತೋರಿಸಿ. ಒಂದೇ ಒಂದು ಸಲ ಬೇಡ ಅಂದರೂ ಬೇಡ. ಕಥೆಗೆ ಬೇಕು ಅಂತ ‘ಒಳಗ ಎಷ್ಟು ಮಂದಿ ಇದ್ದೀರಿ, ಇನ್ನೊಬ್ಬಾಕಿನ್ನ ಕರಿ’ ಅಂತ ಮಾತ್ರ ಕೇಳಬೇಡಿ. ನಿಮ್ಮ ಮೂರನೇ ಪುಟದ ಹುಡುಗಿ ಹಾಗೆ ಕೇಳುತ್ತಾಳೆ, ಓದುವಾಗ ನನಗೆ ಸಂಕಟ ಆಯಿತು. ಯಾರು ಮಾತಾಡಿದರೂ ಅದು ಅಕ್ಕನೇ ಅಂತ ತಿಳಿದು ಒಂದೇ ಮರ್ಯಾದೆಯಿಂದ ಮಾತಾಡಿ. ‘ನಿನ್ನೆ ನೀನೇ ಹಿಂಗ ಅಂದಿದ್ದಿ’ ಅಂತ ಸಾಧಿಸಲು ಹೋಗಬೇಡಿ. ಅವಳಿಗೆ ನಿಜಕ್ಕೂ ಗೊತ್ತಿರುವುದಿಲ್ಲ. ಸಾಯುವ ಮಾತು ಬಂದರೆ ಒಬ್ಬಳನ್ನೇ ಬಿಡಬೇಡಿ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ.

ನಿಮ್ಮ ಬಗ್ಗೆಯೂ ಚಿಂತೆ ಇದೆ. ಇಷ್ಟು ಹತ್ತಿರ ಕೂತವರಿಗೂ ದಣಿವಾಗುತ್ತದೆ, ಸಿಟ್ಟು ಬರುತ್ತದೆ. ಕಥೆಯ ತಂಗಿಗೆ ಒಮ್ಮೆಯೂ ಸಿಟ್ಟು ಬರುವುದಿಲ್ಲ ಯಾಕೆ? ಬಂದಿದ್ದರೆ ಬರೆಯಿರಿ. ಅದೇ ನಂಬರಿಗೆ ನೀವೂ ಫೋನ್ ಮಾಡಬಹುದು.

ಅಕ್ಕ ಒಪ್ಪಿದರೆ ಏಳನೇ ಪುಟದಿಂದ ಶುರು ಮಾಡಿ, ಐದಾರು ಪುಟದಲ್ಲಿ ಕಳಿಸಿ. ಒಪ್ಪದಿದ್ದರೆ ಖಣದ ಮಗ್ಗದ ಬಗ್ಗೆ ಬರೆಯಿರಿ, ಆ ಸದ್ದು ನಿಮ್ಮ ಕಿವಿಯಲ್ಲಿ ಚೆನ್ನಾಗಿದೆ. ಇನ್ನೊಂದು ಕೇಳಬೇಕಿತ್ತು. ರೊಟ್ಟಿ ಹೊತ್ತಿದ ಮೇಲೆ ಕಥೆ ಸೀದಾ ಸಂಜೆಗೆ ಹಾರುತ್ತದೆ. ಅಕ್ಕ ಆ ತಂಬಿಗೆ ಎತ್ತಿಕೊಂಡಳಾ? ಆ ಮಧ್ಯಾಹ್ನ ನೀವಿಬ್ಬರೂ ಏನು ಊಟ ಮಾಡಿದಿರಿ?